ಹಂಚಿನ ಮುಂದೆ ನಿಂತ ಹೆಗಲಿಗೆ ಯೋಗವೋ, ಮಾಲೀಸೋ?

ಪ್ರಶ್ನೆ: ಡಾಕ್ಟರ್ ಸರ್, ನನಗೆ 46 ವರ್ಷ. ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಬೆಣ್ಣೆ ದೋಸೆ ಹೋಟ್ಲು. ಬೆಳಿಗ್ಗೆ ಆರೂವರೆಯಿಂದ ಹನ್ನೊಂದೂವರೆ, ಸಂಜೆ ನಾಲ್ಕೂವರೆಯಿಂದ ಎಂಟೂವರೆ, ಹಂಚಿನ ಮುಂದೆ ನಿಲ್ಲೋಳು ನಾನೇ. ಮೂರು ತಿಂಗಳಿಂದ ಬಲ ಹೆಗಲು ಹಿಡ್ಕೊಂಡಿದೆ, ರಾತ್ರಿ ಆ ಮಗ್ಗುಲಿಗೆ ಮಲಗಕ್ಕಾಗಲ್ಲ. ಬೆಳಿಗ್ಗೆ ಎದ್ದು ಕಾಲು ನೆಲಕ್ಕಿಟ್ರೆ ಹಿಮ್ಮಡಿಗೆ ಮುಳ್ಳು ಚುಚ್ಚಿದ ಹಾಗಾಗುತ್ತೆ. ಮಗಳು ಬೆಂಗಳೂರಿಂದ ಯೋಗದ ವಿಡಿಯೋ ಕಳಿಸಿ ಸೂರ್ಯ ನಮಸ್ಕಾರ ಮಾಡಮ್ಮ ಅಂತಾಳೆ. ನಾಲ್ಕು ದಿನ ಮಾಡಿದೆ, ಹೆಗಲು ಇನ್ನೂ ಜಾಸ್ತಿ ಆಯ್ತು. ನಮ್ಮತ್ತೆ ಹರಳೆಣ್ಣೆ ಕಾಸಿ ತಿಕ್ಕಿಸ್ಕೋ ಅಂತಾರೆ. ಪಕ್ಕದ ಬೀದಿಯವರೊಬ್ಬರು ಮಾಲೀಸು ಮಾಡಿದ್ರು. ಎರಡು ದಿನ ಹಗುರ ಅನ್ನಿಸ್ತು, ಮೂರನೇ ದಿನ ಕೈ ಎತ್ತಕ್ಕೇ ಆಗ್ಲಿಲ್ಲ. ಯೋಗ ಸರೀನಾ, ಮಾಲೀಸು ಸರೀನಾ? ಅದೂ ಅಲ್ಲದೆ ದಿನಾ ಒಂಬತ್ತು ಗಂಟೆ ನಿಂತು ಕೈಯಾಡಿಸೋಳಿಗೆ ವ್ಯಾಯಾಮ ಬೇರೆ ಬೇಕಾ? ಎರಡು ವರ್ಷದಿಂದ ಶುಗರ್‌ಗೆ ಮಾತ್ರೆ ತಗೋತೀನಿ, ಬೇರೆ ಏನೂ ತೊಂದರೆ ಇಲ್ಲ.

ಉತ್ತರ: ತಾಯಿ, ನೀವು ಕೊನೆಯಲ್ಲಿ, ಹೇಳಿದರೂ ಆಯಿತು ಬಿಟ್ಟರೂ ಆಯಿತು ಅನ್ನುವ ಹಾಗೆ ಬರೆದ ಶುಗರ್ ಮಾತಿನಿಂದಲೇ ಶುರು ಮಾಡುತ್ತೇನೆ. ನಲವತ್ತರಿಂದ ಅರವತ್ತರ ನಡುವಿನ ವಯಸ್ಸು, ಸಕ್ಕರೆ ಕಾಯಿಲೆ, ರಾತ್ರಿ ಆ ಮಗ್ಗುಲಿಗೆ ಹೊರಳಲು ಬಿಡದ ಹೆಗಲು. ಈ ಮೂರೂ ಒಟ್ಟಿಗೆ ಬಂದರೆ ನಮ್ಮ ಅನುಮಾನ ಮೊದಲು ಹೋಗುವುದು ‘ಫ್ರೋಜನ್ ಶೋಲ್ಡರ್’ ಕಡೆಗೆ. ಹೆಗಲ ಕೀಲಿನ ಸುತ್ತ ಒಂದು ತೆಳು ಪೊರೆ ಇದೆ. ಆರೋಗ್ಯವಾಗಿದ್ದಾಗ ಅದು ಕಂಕುಳ ಹತ್ತಿರ ಸಡಿಲವಾಗಿ ಮಡಿಚಿಕೊಂಡಿರುತ್ತದೆ, ಕೈ ಮೇಲೆತ್ತಿದಾಗ ಆ ಮಡಿಕೆ ಬಿಚ್ಚಿಕೊಳ್ಳುತ್ತದೆ. ಹೊಸ ಹತ್ತಿ ರವಿಕೆಯನ್ನು ಒಗೆದ ಮೇಲೆ ಕಂಕುಳಲ್ಲಿ ಹಿಡಿಯುತ್ತದಲ್ಲ, ಈ ಕಾಯಿಲೆಯಲ್ಲಿ ಆ ಪೊರೆ ಉರಿದು, ದಪ್ಪಗಾಗಿ, ಹಾಗೇ ಕುಗ್ಗುತ್ತದೆ. ಸಕ್ಕರೆ ಇರುವವರಿಗೆ ಇದು ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ದೋಸೆ ಹುಯ್ದದ್ದರಿಂದಲೇ ಬಂತು ಅಂತ ನಿಮ್ಮ ಕೆಲಸವನ್ನು ಬೈಯಬೇಡಿ. ಹೊರೆ ಅಲ್ಲಿಂದಲೂ ಬಿದ್ದಿರಬಹುದು, ಬೇರು ಮಾತ್ರ ಬೇರೆ ಕಡೆ ಇರಬಹುದು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ಕುರ್ಚಿಯಲ್ಲಿ ನೆಟ್ಟಗೆ ಕೂತು ಎರಡೂ ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಮುಂಗೈಗಳನ್ನು ತಟ್ಟೆ ಹಿಡಿದವರ ಹಾಗೆ ಮುಂದಕ್ಕೆ ಚಾಚಿ. ಈಗ ಮೊಣಕೈ ಪಕ್ಕೆಯಿಂದ ಬಿಡದೆ ಎರಡೂ ಮುಂಗೈಗಳನ್ನು ಬಾಗಿಲು ತೆಗೆದ ಹಾಗೆ ಹೊರಕ್ಕೆ ತಿರುಗಿಸಿ. ಎಡಗೈ ಎಷ್ಟು ದೂರ ಹೋಗುತ್ತದೆ, ಬಲಗೈ ಎಲ್ಲಿ ನಿಲ್ಲುತ್ತದೆ ಅಂತ ಅತ್ತೆಯವರು ನೋಡಲಿ. ಆಮೇಲೆ ನೀವು ಬಲಗೈಯನ್ನು ಪೂರ್ತಿ ಸಡಿಲ ಬಿಟ್ಟು, ಅದೇ ತಿರುವನ್ನು ಮೆಲ್ಲಗೆ ಅವರಿಂದ ಮಾಡಿಸಿ. ನಿಮ್ಮಿಂದ ಆಗದ್ದು ಅವರ ಕೈಯಿಂದ ಸಲೀಸಾಗಿ ಆದರೆ ತೊಂದರೆ ಸ್ನಾಯುವಿನದು, ಅಥವಾ ಅದನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುವಿನದು. ಅವರು ತಿರುಗಿಸಿದರೂ ಕೈ ಅದೇ ಜಾಗದಲ್ಲಿ ಗೂಟ ಹೊಡೆದ ಹಾಗೆ ನಿಂತರೆ ಪೊರೆ ಕುಗ್ಗಿರುವ ಸಾಧ್ಯತೆ ಹೆಚ್ಚು. ಜಡೆ ಹಾಕಿಕೊಳ್ಳುವುದಕ್ಕೂ ಬೆನ್ನ ಹಿಂದೆ ಕೈ ಒಯ್ಯುವುದಕ್ಕೂ ಮೂರು ತಿಂಗಳಿಂದ ಒದ್ದಾಡುತ್ತಿದ್ದೀರಾ? ಹಾಗಿದ್ದರೆ ಮೂಳೆ ವೈದ್ಯರನ್ನು ಒಮ್ಮೆ ಕಂಡು ಖಚಿತ ಮಾಡಿಕೊಳ್ಳಿ. ಎಕ್ಸ್‌ರೇ ಸಾಮಾನ್ಯವಾಗಿ ಸರಿಯಾಗಿಯೇ ಬರುತ್ತದೆ, ‘ಏನೂ ಇಲ್ಲ ಅಂದ್ರು’ ಅಂತ ಬೇಜಾರಾಗಬೇಡಿ. ನೋವು ಜೋರಾಗಿರುವ ಮೊದಮೊದಲ ತಿಂಗಳುಗಳಲ್ಲಿ ಕೀಲಿನೊಳಗೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವುದುಂಟು. ಅದರಿಂದ ಕೆಲವು ದಿನ ಸಕ್ಕರೆ ಏರುತ್ತದೆ, ಹಾಗಾಗಿ ಶುಗರ್ ವಿಷಯವನ್ನು ಅವರಿಗೆ ಕೊನೆಯಲ್ಲಿ ಹೇಳದೆ ಮೊದಲೇ ಹೇಳಿ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನೂ ಮಾಡಿಸಿ.

ಈ ಕಾಯಿಲೆಗೆ ಅವಸರ ಗೊತ್ತಿಲ್ಲ. ಮೊದಲು ನೋವು, ಆಮೇಲೆ ಬಿಗಿತ, ಆಮೇಲೆ ಬಿಡುವುದು, ಹೀಗೆ ಒಂದರಿಂದ ಮೂರು ವರ್ಷ ಎಳೆಯುವುದೂ ಉಂಟು. ಹೆದರಿಸಲು ಹೇಳುತ್ತಿಲ್ಲ. ‘ಏಳು ದಿನದಲ್ಲಿ ಹೆಗಲು ನೋವು ಮಾಯ’ ಅನ್ನುವವರ ಹತ್ತಿರ ದುಡ್ಡು ಸುರಿಯಬಾರದು ಅಂತ ಹೇಳುತ್ತಿದ್ದೇನೆ.

ಸೂರ್ಯ ನಮಸ್ಕಾರ ಯಾಕೆ ನೋವು ಹೆಚ್ಚಿಸಿತು ಅಂತ ಈಗ ನಿಮಗೇ ಹೊಳೆದಿರಬೇಕು. ಅದರಲ್ಲಿ ಒಂದು ಹಂತದಲ್ಲಿ ಮೈಭಾರದ ದೊಡ್ಡ ಪಾಲು ಎರಡು ಅಂಗೈಗಳ ಮೇಲೆ ಬೀಳುತ್ತದೆ, ಮತ್ತೊಂದರಲ್ಲಿ ಕೈಗಳು ಕಿವಿಯ ಪಕ್ಕ ಹಾದು ಹಿಂದಕ್ಕೆ ಬಾಗುತ್ತವೆ. ಕುಗ್ಗಿದ ಪೊರೆಯನ್ನು ಜಗ್ಗಲು ಇದಕ್ಕಿಂತ ಬೇರೆ ದಾರಿ ಬೇಕಿಲ್ಲ! ಮಗಳ ಪ್ರೀತಿಯಲ್ಲಿ ತಪ್ಪಿಲ್ಲ, ಆದರೆ ವಿಡಿಯೋದೊಳಗಿನ ಹುಡುಗಿಗೆ ನಿಮ್ಮ ಹೆಗಲು ಕಾಣುವುದಿಲ್ಲ. ಇವತ್ತು ಜಗತ್ತೆಲ್ಲ ಮಾಡುವ ಯೋಗದ ದೊಡ್ಡದೊಂದು ಪಾಲು ಯಾರಿಂದ ಹರಿದು ಬಂತೋ, ಆ ತಿರುಮಲೈ ಕೃಷ್ಣಮಾಚಾರ್ಯರು ಹುಟ್ಟಿದ್ದು 1888ರಲ್ಲಿ, ನಮ್ಮ ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ. ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಚುರುಕಿನ ಹುಡುಗರಿಗೆ ಮೈ ಬೆವರಿಳಿಯುವ ಆಸನಗಳ ಸರಣಿ ಕಲಿಸಿದವರು ಅವರೇ. ಕಾಯಿಲೆಯವರು ಬಂದರೆ ಅವರವರ ವಯಸ್ಸು, ಕಸುವು, ಕಸುಬು ನೋಡಿ ಬೇರೆಯದನ್ನೇ ಹೇಳಿಕೊಟ್ಟವರೂ ಅವರೇ. ಅವರ ಶಿಷ್ಯರಾದ ಬಿ.ಕೆ.ಎಸ್. ಅಯ್ಯಂಗಾರರು ಹಗ್ಗ, ಕುರ್ಚಿ, ದಿಂಬುಗಳನ್ನು ಯೋಗದೊಳಕ್ಕೆ ತಂದು, ಬಗ್ಗದ ಮೈಯವರಿಗೂ ಬಾಗಿಲು ತೆರೆದರು. ನಮ್ಮೂರ ಕಡೆಯಿಂದ ಹೊರಟ ವಿದ್ಯೆ ಬೆಂಗಳೂರಿನಿಂದ ವಿಡಿಯೋ ಆಗಿ ವಾಪಸು ಬರುವಾಗ, ‘ಯಾರಿಗೆ ಏನು’ ಅನ್ನುವ ಭಾಗ ಮಾತ್ರ ದಾರಿಯಲ್ಲಿ ಬಿದ್ದುಹೋಗುತ್ತದೆ.

ಆಸನದಲ್ಲಿ ಬಲವಂತ ಅಂದರೆ ಏನು ಅಂತ ನನ್ನ ಎಡತೊಡೆಗೆ ಚೆನ್ನಾಗಿ ಗೊತ್ತು. ಓದುವ ವಯಸ್ಸಿನಲ್ಲಿ ಒಂದು ಶಿಬಿರಕ್ಕೆ ಹೋಗಿದ್ದೆ. ಪಶ್ಚಿಮೋತ್ತಾನಾಸನದಲ್ಲಿ ನನ್ನ ಹಣೆ ಮೊಣಕಾಲಿಗೆ ಮುಟ್ಟಲಿಲ್ಲ ಅಂತ ಕಲಿಸುವವರೊಬ್ಬರು ಬೆನ್ನ ಮೇಲೆ ಕೈಯೂರಿ ಅದುಮಿದರು. ತೊಡೆಯ ಹಿಂದೆ ‘ಪಟ್’ ಅಂದದ್ದು ನನಗೊಬ್ಬನಿಗೇ ಕೇಳಿಸಿತು. ನಾಲ್ಕು ತಿಂಗಳು ಮೆಟ್ಟಿಲು ಹತ್ತುವಾಗೆಲ್ಲ ಅವರ ನೆನಪು. ಅಂದಿನಿಂದ ನಾನು ಯಾರ ಬೆನ್ನನ್ನೂ ಅದುಮಿಲ್ಲ.

ಹಾಗಾದರೆ ಈಗ ಏನು ಮಾಡಬೇಕು? ಹಂಚಿನಿಂದ ಬಿಡುವಾಗುವ ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ, ಹತ್ತು ಹತ್ತು ನಿಮಿಷ. ಮೊದಲು ಹೆಗಲಿಗೆ ಬಿಸಿನೀರಲ್ಲಿ ಹಿಂಡಿದ ಬಟ್ಟೆಯ ಶಾಖ ಕೊಡಿ. ಆಮೇಲೆ ಎಡಗೈಯನ್ನು ಮೇಜಿನ ಮೇಲೆ ಊರಿ ಸೊಂಟದಿಂದ ಮುಂದಕ್ಕೆ ಬಾಗಿ, ಬಲಗೈಯನ್ನು ಬಾವಿಗೆ ಇಳಿಬಿಟ್ಟ ಬಿಂದಿಗೆಯ ಹಾಗೆ ತೂಗಲು ಬಿಡಿ. ಕೈಯನ್ನು ನೀವು ಆಡಿಸಬಾರದು. ಮೈಯನ್ನು ಸ್ವಲ್ಪ ಹಿಂದೆ ಮುಂದೆ ವಾಲಿಸಿದರೆ ಕೈ ತಾನಾಗಿ ತೂಗುತ್ತದೆ. ಒಂದೆರಡು ನಿಮಿಷದಲ್ಲಿ ಬೆರಳ ತುದಿಗಳು ಬೆಚ್ಚಗಾಗಿ ತೋಳು ಉದ್ದವಾದ ಹಾಗೆ ಅನ್ನಿಸುತ್ತದೆ. ಆಮೇಲೆ ಅಂಗಾತ ಮಲಗಿ, ಲಟ್ಟಣಿಗೆಯನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದು, ಮೊಣಕೈ ಪಕ್ಕೆಗಿಟ್ಟು, ಎಡಗೈಯಿಂದ ಲಟ್ಟಣಿಗೆ ತಳ್ಳುತ್ತ ಬಲ ಮುಂಗೈಯನ್ನು ಹೊರಕ್ಕೆ ತಿರುಗಿಸಿ. ಹತ್ತು ಸಲ ಸಾಕು. ಕೊನೆಗೆ ಗೋಡೆಗೆ ಮುಖ ಮಾಡಿ ನಿಂತು, ಬಲಗೈ ಬೆರಳುಗಳನ್ನು ಇರುವೆ ಹತ್ತಿದ ಹಾಗೆ ಗೋಡೆಯ ಮೇಲೆ ನಡೆಸಿ, ಎಲ್ಲಿ ನಿಂತಿತೋ ಅಲ್ಲಿ ಪೆನ್ಸಿಲ್ಲಿನಿಂದ ಗೆರೆ ಎಳೆದು ತಾರೀಕು ಬರೆಯಿರಿ. ಗೋಡೆ ಹೊಲಸಾಗುತ್ತದೆ ಅಂತ ಅತ್ತೆಯವರು ಬೈದರೆ ನನ್ನ ಹೆಸರು ಹೇಳಿ. ವಾರಕ್ಕೊಂದು ಗೆರೆ, ಅರ್ಧ ಬೆರಳಗಲ ಮೇಲೇರಿದರೂ ಅದು ಏರಿದ್ದೇ.

ಎಷ್ಟು ನೋವು ಸಹಿಸಬೇಕು ಅಂತ ಎಲ್ಲರೂ ಕೇಳುತ್ತಾರೆ. ನಾನು ಇಟ್ಟುಕೊಂಡಿರುವ ಲೆಕ್ಕ ಹೀಗೆ: ನೋವು ಹತ್ತಕ್ಕೆ ನಾಲ್ಕರೊಳಗೆ ಇರಬೇಕು, ಉಸಿರು ಕಟ್ಟಬಾರದು, ಮಾರನೆಯ ಬೆಳಿಗ್ಗೆ ಹಿಂದಿನ ದಿನಕ್ಕಿಂತ ಹೆಚ್ಚಾಗಿರಬಾರದು. ಹೆಚ್ಚಾಗಿದ್ದರೆ ಅರ್ಧಕ್ಕೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ವ್ಯಾಯಾಮವನ್ನು ಅರ್ಧ ಶಕ್ತಿಯಷ್ಟು ಮಾತ್ರ ಮಾಡು ಅನ್ನುವುದು ನಮ್ಮ ಆಯುರ್ವೇದದ ಹಳೆಯ ಮಾತು.

ಇನ್ನು ಮಾಲೀಸು. ನಿಮ್ಮ ಊರಿನ ಗರಡಿ ಮನೆಗಳ ಪದ್ಧತಿ ನೆನಪಿಸಿಕೊಳ್ಳಿ. ಪೈಲ್ವಾನರು ಮೊದಲು ಸಾಮು ತೆಗೆಯುತ್ತಾರೆ, ದಂಡ ಬಸ್ಕಿ ಹೊಡೆಯುತ್ತಾರೆ, ಮಣ್ಣಲ್ಲಿ ಹೊರಳುತ್ತಾರೆ. ಮಾಲೀಸು ಆ ದುಡಿಮೆಯ ಜೊತೆಗೆ ಬರುವಂಥದ್ದು. ಸಾಮು ಬಿಟ್ಟು ಬರೀ ಎಣ್ಣೆ ತಿಕ್ಕಿಸಿಕೊಂಡು ಪೈಲ್ವಾನ ಆದವನನ್ನು ನಾನಂತೂ ಕಂಡಿಲ್ಲ. ನಿಮಗೆ ಮೊದಲೆರಡು ದಿನ ಹಗುರ ಅನ್ನಿಸಿದ್ದು ಸುಳ್ಳಲ್ಲ. ಚರ್ಮ, ಸ್ನಾಯುಗಳ ಮೇಲೆ ಹದವಾದ ಒತ್ತಡ ಬಿದ್ದಾಗ ನರಮಂಡಲ ನೋವಿನ ಸದ್ದನ್ನು ತಗ್ಗಿಸುತ್ತದೆ, ಬಿಗಿಹಿಡಿದ ಸ್ನಾಯು ಸಡಿಲಾಗುತ್ತದೆ. ಆದರೆ ಅದು ಆ ಹೊತ್ತಿನ ಪರಿಹಾರ. ಮೂರನೇ ದಿನ ಕೈ ಎತ್ತಲಾಗಲಿಲ್ಲ ಅಂದಿದ್ದೀರಿ. ಅವರು ಕೀಲಿನ ಮೇಲೇ ಒತ್ತಿ, ತೋಳನ್ನು ಜಗ್ಗಿ ಸದ್ದು ಬರಿಸಲು ನೋಡಿರಬೇಕು. ಉರಿಯುತ್ತಿರುವ ಪೊರೆಗೆ ಅದು ಆಗಿಬರುವುದಿಲ್ಲ. ಮೈಯಲ್ಲಿನ ವಿಷ ಇಳಿಯುತ್ತದೆ, ಸ್ನಾಯುವಿನಲ್ಲಿ ಸೇರಿಕೊಂಡ ಆಮ್ಲ ಹೊರಬರುತ್ತದೆ ಅನ್ನುವ ಮಾತುಗಳನ್ನೂ ನಂಬಬೇಡಿ. ದುಡಿದಾಗ ಸೇರುವ ಲ್ಯಾಕ್ಟಿಕ್ ಆಮ್ಲ ಯಾರೂ ತಿಕ್ಕದಿದ್ದರೂ ಗಂಟೆಯೊಳಗೆ ತಾನಾಗಿ ಕರಗುತ್ತದೆ.

ಅತ್ತೆಯವರ ಎಣ್ಣೆಯನ್ನು ಮಾತ್ರ ಬಿಡಿಸುವುದಿಲ್ಲ. ಹರಳೆಣ್ಣೆ ಜಿಗುಟು, ತಿಕ್ಕಲು ಕೈ ಜಾರುವುದಿಲ್ಲ. ಅರ್ಧಕ್ಕರ್ಧ ಎಳ್ಳೆಣ್ಣೆ ಬೆರೆಸಿಕೊಳ್ಳಿ, ಅಥವಾ ಚಳ್ಳಕೆರೆ ಕಡೆಯ ಗಾಣದ ಶೇಂಗಾ ಎಣ್ಣೆಯೂ ಆದೀತು. ಯಾವ ಎಣ್ಣೆಯೂ ಚರ್ಮ ದಾಟಿ ಕೀಲಿನೊಳಕ್ಕೆ ಇಳಿಯುವುದಿಲ್ಲ. ಕೈ ಜಾರಲು, ಬಿಸಿ ನಿಲ್ಲಲು ಅದು ಬೇಕು, ಅಷ್ಟೇ. ರಾತ್ರಿ ಮಲಗುವ ಮುಂಚೆ ಅತ್ತೆಯವರೇ ಕುತ್ತಿಗೆಯ ಬುಡದಿಂದ ಹೆಗಲಿನವರೆಗೆ ಮತ್ತು ಬೆನ್ನಿನ ರೆಕ್ಕೆ ಮೂಳೆಯ ಅಂಚಿನ ಗುಂಟ ಅಂಗೈಯಿಂದ ನಿಧಾನ ಸವರಲಿ, ಹತ್ತು ನಿಮಿಷ. ಹೆಗಲ ಮುಂಭಾಗದ ಕೀಲಿಗೆ ಬೆರಳು ಊರುವುದು ಬೇಡ. ಬೆಳಿಗ್ಗೆ ಎಣ್ಣೆ ಹಚ್ಚಿಕೊಂಡು ಒಲೆ ಮುಂದೆ ನಿಲ್ಲಬೇಡಿ, ಸೌಟು ಜಾರುತ್ತದೆ. ಎಣ್ಣೆ ನೀರು ಹಾಕಿಕೊಳ್ಳುವ ದಿನ ಬಚ್ಚಲ ಕಲ್ಲಿಗೆ ಮೊದಲು ಸೀಗೆಪುಡಿ ಉದುರಿಸಿ. ಯುಗಾದಿ, ದೀಪಾವಳಿ ಆದ ಮಾರನೆಯ ದಿನ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡವರು ಪ್ರತಿ ವರ್ಷ ಬರುತ್ತಾರೆ. ಮೀನಖಂಡ ಒಂದೇ ಕಾಲಿನಲ್ಲಿ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಅದನ್ನು ಯಾರಿಂದಲೂ ತಿಕ್ಕಿಸಬಾರದು. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ತಿಕ್ಕಿದ ಭರಕ್ಕೆ ಅದು ಶ್ವಾಸಕೋಶದ ಕಡೆ ಹೊರಡಬಹುದು. ಅಂಥದ್ದು ಕಂಡರೆ ಸೀದಾ ಆಸ್ಪತ್ರೆಗೆ.

ಹಿಮ್ಮಡಿಯದು ಬೇರೆ ಕತೆ, ಸ್ವಲ್ಪ ಸುಲಭದ್ದು. ಎದ್ದ ಮೊದಲ ಹೆಜ್ಜೆಗೆ ಚುಚ್ಚಿ, ನಾಲ್ಕು ಹೆಜ್ಜೆ ನಡೆದರೆ ತಗ್ಗುವುದು ಅಂಗಾಲಿನ ಕೆಳಗಿನ ಪಟ್ಟಿಯ ನೋವಿನ ಗುರುತು. ಹಾಸಿಗೆ ಬಿಡುವ ಮುಂಚೆ ಕೂತಲ್ಲೇ ಹಳೆ ಸೀರೆಯ ತುಂಡನ್ನು ಪಾದದ ಮುಂಭಾಗಕ್ಕೆ ಹಾಕಿ ನಿಮ್ಮ ಕಡೆ ಎಳೆದು ಮೂವತ್ತು ಎಣಿಸಿ, ಮೂರು ಸಲ. ಬಲ ಹೆಗಲು ನೋಯದ ಹಾಗೆ ಎಡಗೈಯಿಂದ ಎಳೆಯಿರಿ. ಆಮೇಲೆ ಕಾಲು ಕೆಳಗಿಡಿ. ಹೋಟ್ಲಲ್ಲಿ ಬರಿಗಾಲಲ್ಲೇ ನಿಲ್ಲುತ್ತೀರಿ ಅಂತ ನನ್ನ ಊಹೆ. ಒಲೆ ಮುಂದೆ ಚಪ್ಪಲಿ ಹಾಕುವುದೇ ಅಂತ ಮನಸ್ಸು ಹಿಂಜರಿದರೆ, ಅಡಿಗೆಮನೆಗೆಂದೇ ಹೊಸದೊಂದು ಮೆತ್ತನೆಯ ಜೊತೆ ತಂದಿಟ್ಟುಕೊಳ್ಳಿ, ಅದನ್ನು ಮೆಟ್ಟಿಕೊಂಡು ಹೊರಗೆ ಓಡಾಡಬೇಡಿ. ಸಕ್ಕರೆಯಿಂದ ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಕೆಂಡ ಮೆಟ್ಟಿದರೂ ತಡವಾಗಿ ತಿಳಿಯುತ್ತದೆ. ಇದೇ ಕಾರಣಕ್ಕೆ ಹಿಮ್ಮಡಿಗೆ ಕಾದ ಇಟ್ಟಿಗೆ, ಉಪ್ಪಿನ ಗಂಟು ಇಡುವುದು ಬೇಡ. ಬಿಸಿನೀರಾದರೂ ಮೊಣಕೈ ಅದ್ದಿ ನೋಡಿದ ಮೇಲೆ ಕಾಲು.

‘ಒಂಬತ್ತು ಗಂಟೆ ನಿಂತು ಕೈಯಾಡಿಸೋಳಿಗೆ ವ್ಯಾಯಾಮ ಬೇರೆ ಬೇಕಾ’ ಅಂದಿರಲ್ಲ, ಪತ್ರದಲ್ಲಿ ನನಗೆ ಹಿಡಿಸಿದ ಪ್ರಶ್ನೆ ಅದೇ. ಬೇಕು ತಾಯಿ. ಆದರೆ ಇನ್ನಷ್ಟು ದುಡಿಮೆಯಾಗಿ ಅಲ್ಲ, ದುಡಿಮೆ ಕೇಳದೇ ಬಿಟ್ಟದ್ದನ್ನು ಕೊಡುವುದಕ್ಕೆ. ನಿಮ್ಮ ಕೆಲಸ ಒಂದೇ ತೋಳಿನ ಒಂದೇ ಸುತ್ತನ್ನು ದಿನಕ್ಕೆ ನೂರಾರು ಸಲ ಕೇಳುತ್ತದೆ. ಕಾಲುಗಳನ್ನು ಏನೂ ಕೇಳುವುದಿಲ್ಲ, ಕಂಬದ ಹಾಗೆ ನಿಲ್ಲಿಸಿಬಿಡುತ್ತದೆ. ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುವುದು ಮೀನಖಂಡದ ಸ್ನಾಯು, ಅದು ಕುಗ್ಗಿ ಹಿಗ್ಗಿದರೆ ಮಾತ್ರ. ನಿಂತೇ ಇದ್ದರೆ ರಕ್ತ ಅಲ್ಲೇ ತಂಗಿ ಸಂಜೆಗೆ ಪಾದ ಊದುತ್ತದೆ. ಯೋಗಕ್ಕೆ ಒಂದು ಗಂಟೆ ಬಿಡುವು ಸಿಗಲಿ ಅಂತ ಕಾಯುತ್ತ ಕೂತರೆ ಈ ಜನ್ಮದಲ್ಲಿ ಸಿಗುವುದಿಲ್ಲ. ಐನೂರರ ನೋಟು ಇಲ್ಲದಿದ್ದರೆ ಚಿಲ್ಲರೆಯಲ್ಲೇ ಕೊಡಿ, ಮೈ ಎಣಿಸಿಕೊಳ್ಳುತ್ತದೆ. ಒಂದು ಒಬ್ಬೆ ದೋಸೆ ಹುಯ್ದು ಅವು ಬೇಯುವಷ್ಟರಲ್ಲಿ ಒಂದು ಹೆಜ್ಜೆ ಹಿಂದೆ ಸರಿದು ಹತ್ತು ಸಲ ಹಿಮ್ಮಡಿ ಎತ್ತಿ ಇಳಿಸಿ. ಕಾಲ ಬಳಿ ಒಂದು ಇಟ್ಟಿಗೆ ಇಟ್ಟುಕೊಂಡು ಒಮ್ಮೆ ಎಡಪಾದ, ಒಮ್ಮೆ ಬಲಪಾದ ಅದರ ಮೇಲಿಡಿ, ಸೊಂಟಕ್ಕೆ ಬಿಡುವು ಸಿಗುತ್ತದೆ. ಬೆಣ್ಣೆ ಹಾಕುವ ಕೆಲಸವನ್ನು ಎಡಗೈಗೆ ಕಲಿಸಿ.

ಕೆಲವು ವರ್ಷದ ಕೆಳಗೆ ದಾವಣಗೆರೆಯ ಒಂದು ಹೋಟ್ಲಲ್ಲಿ ದೋಸೆಗೆ ಕಾಯುತ್ತ ಇಬ್ಬರು ಭಟ್ಟರನ್ನು ನೋಡುತ್ತ ನಿಂತಿದ್ದೆ. ಹುಡುಗ ಪಾದ ಕದಲಿಸದೆ ತೋಳು ಪೂರ್ತಿ ಚಾಚಿ ಹಂಚಿನ ಆಚೆ ತುದಿಗೆ ಹಿಟ್ಟು ಹುಯ್ಯುತ್ತಿದ್ದ, ಪ್ರತಿ ಸಲ ಹೆಗಲು ಕಿವಿಯ ಹತ್ತಿರ ಹೋಗುತ್ತಿತ್ತು. ವಯಸ್ಸಾದವರು ಸೌಟು ಚಾಚುವ ಮುಂಚೆ ಒಂದು ಪಾದವನ್ನು ಆ ಕಡೆ ಸರಿಸುತ್ತಿದ್ದರು. ಮೊಣಕೈ ಪಕ್ಕೆ ಬಿಡುತ್ತಿರಲಿಲ್ಲ, ದೋಸೆಯ ಸುತ್ತು ಸೊಂಟದಿಂದ ಹುಟ್ಟಿ ಸೌಟಿಗೆ ಇಳಿಯುತ್ತಿತ್ತು. ಹಿಟ್ಟಿನ ಪಾತ್ರೆ ಎಡಕ್ಕೆ, ಕೈಗೆ ಹತ್ತಿರ. ಅವರು ಯಾವ ಯೋಗ ಶಿಬಿರಕ್ಕೂ ಹೋದವರಲ್ಲ ಅಂತ ಕಾಣುತ್ತದೆ. ಗಮನವಿಟ್ಟು ಮೈಯಾಡಿಸುವುದು ಅಂತ ಈಗ ಪೇಟೆಯಲ್ಲಿ ಫೀಸು ಇಸಿದುಕೊಂಡು ಹೇಳಿಕೊಡುವುದು ಇದನ್ನೇ. ದಿನದ ಮೊದಲ ಹತ್ತು ದೋಸೆಗಳನ್ನು ಹೀಗೆ ನೋಡಿಕೊಂಡು ಹುಯ್ಯಿರಿ: ಭಾರ ಯಾವ ಪಾದದ ಮೇಲಿದೆ, ಹೆಗಲು ಮೇಲೇರಿದೆಯಾ, ಹಲ್ಲು ಕಚ್ಚಿದ್ದೀರಾ, ಉಸಿರು ನಿಲ್ಲಿಸಿದ್ದೀರಾ. ಆಮೇಲೆ ಗಿರಾಕಿ ಜಾಸ್ತಿಯಾಗಿ ಮರೆತರೆ ಮರೆಯಲಿ.

ರಾತ್ರಿ ಊಟದ ಮೇಲೆ ಹದಿನೈದು ನಿಮಿಷ ಬೀದಿಯಲ್ಲೇ ನಡೆಯಿರಿ, ಊಟದ ನಂತರದ ಸಕ್ಕರೆಯ ಏರು ಅದರಿಂದ ತಗ್ಗುತ್ತದೆ. ವಾರಕ್ಕೆ 150 ನಿಮಿಷ ಉಸಿರು ಸ್ವಲ್ಪ ಜೋರಾಗುವ ಚಟುವಟಿಕೆ ಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ನಿಂತ ಒಂಬತ್ತು ಗಂಟೆಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಹೋಟ್ಲು ರಜೆಯ ದಿನ ಕುಂದವಾಡ ಕೆರೆ ಏರಿಯ ಮೇಲೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ನಡೆದು ಬಂದ ಮೇಲೆ ಗೋಡೆ ಪಕ್ಕ ಮಲಗಿ ಕಾಲುಗಳನ್ನು ಗೋಡೆಗೆ ಒರಗಿಸಿ ಐದು ನಿಮಿಷ. ಕಣ್ಣಿನ ಒತ್ತಡದ ಕಾಯಿಲೆ ಇದೆ ಅಂತ ವೈದ್ಯರು ಹೇಳಿದ್ದರೆ ಇದೊಂದನ್ನು ಬಿಡಿ. ಆ ಐದು ನಿಮಿಷ ಮೂಗಿನಿಂದ ನಾಲ್ಕು ಎಣಿಸುವಷ್ಟು ಉಸಿರು ತೆಗೆದುಕೊಂಡು, ಆರು ಎಣಿಸುವಷ್ಟು ನಿಧಾನ ಬಿಡಿ. ಉಸಿರು ಬಿಡುವಾಗ ಎದೆಬಡಿತ ತುಸು ನಿಧಾನವಾಗುತ್ತದೆ, ಮೈ ಸಡಿಲಾಗಲು ಅದೇ ದಾರಿ. ನೋವಿನವರಿಗೆ ನಿದ್ದೆ ಬರಿಸಲು ಇದಕ್ಕಿಂತ ಅಗ್ಗದ ಉಪಾಯ ನನ್ನ ಹತ್ತಿರ ಇಲ್ಲ. ಕಪಾಲಭಾತಿ, ಶೀರ್ಷಾಸನ ಈಗ ಬೇಡವೇ ಬೇಡ. ಬಲ ಮಗ್ಗುಲಿಗೆ ಹೊರಳದ ಹಾಗೆ ಎಡ ಮಗ್ಗುಲಾಗಿ ಮಲಗಿ, ಬಲತೋಳಿನ ಕೆಳಗೆ ಒಂದು ದಿಂಬು ಕೊಡಿ.

ಮುಂದೆ ಹೆಗಲು ಬಿಟ್ಟ ಮೇಲೆ ಕ್ರಮವಾಗಿ ಯೋಗ ಕಲಿಯುವ ಮನಸ್ಸಾದರೆ ಗುರುವನ್ನು ನೋಡಿ ಆರಿಸಿಕೊಳ್ಳಿ. ನಮ್ಮ ಸೀಮೆಗೆ ಈ ವಿದ್ಯೆ ಹೊಸದಲ್ಲ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ರಾಘವೇಂದ್ರ ಸ್ವಾಮೀಜಿಯವರು ಅನಾಥ ಸೇವಾಶ್ರಮ ಕಟ್ಟಿ, 1996ರಲ್ಲಿ ತೀರಿಕೊಳ್ಳುವವರೆಗೂ ಯೋಗ, ಆಯುರ್ವೇದ ಎರಡನ್ನೂ ಹಳ್ಳಿಯ ಜನರ ಕೈಗೆ ಸಿಗುವ ಹಾಗೆ ಮಾಡಿದವರು. ಕಲಿಸುವವರು ಮೊದಲ ದಿನವೇ ನಿಮ್ಮ ಕಾಯಿಲೆ, ಕಸುಬು ವಿಚಾರಿಸಿದರೆ ಅಲ್ಲಿ ಸೇರಿ. ವಿಚಾರಿಸದೆ ಚಾಪೆ ಹಾಸಿ ಬಗ್ಗಿ ಅಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಒಂದು ಎಚ್ಚರಿಕೆ. ಹೆಗಲು ಅಥವಾ ತೋಳಿನ ನೋವು ಮೆಟ್ಟಿಲು ಹತ್ತುವಾಗ, ಬಿರುಸಾಗಿ ನಡೆಯುವಾಗ ಬಂದು ನಿಂತರೆ ಕಡಿಮೆಯಾಗುವಂತಿದ್ದರೆ, ಜೊತೆಗೆ ದವಡೆ ನೋವು, ತಣ್ಣನೆ ಬೆವರು, ಏದುಸಿರು ಇದ್ದರೆ ಅದು ಹೆಗಲಿನದಲ್ಲ, ಹೃದಯದ್ದಿರಬಹುದು. ಸಕ್ಕರೆ ಇರುವ ಹೆಂಗಸರಲ್ಲಿ ಎದೆನೋವೇ ಇಲ್ಲದೆ ಹೀಗೆ ಕಾಣಿಸಿಕೊಳ್ಳುವುದುಂಟು. ಆಗ ಎಣ್ಣೆ ಕಾಸುತ್ತ ಕೂರಬೇಡಿ.

ಒಂದು ವಿಷಯ ಪತ್ರದಲ್ಲಿ ಬಿಟ್ಟುಹೋಗಿದೆ. ಹಂಚಿನ ಮುಂದೆ ಮಾಮೂಲಿನ ಹಾಗೆ ನಿಂತು, ಒಲೆ ಆರಿದಾಗ, ಮೊಣಕೈ ಮಡಿಚಿ, ಮೊಣಕೈಯಿಂದ ಹಂಚಿನವರೆಗೆ ಎಷ್ಟು ಇಂಚು ಇದೆ ಅಂತ ಅತ್ತೆಯವರಿಂದ ಟೇಪಿನಲ್ಲಿ ಅಳತೆ ಹಿಡಿಸಿ. ಹಂಚು ಮೊಣಕೈಗಿಂತ ನಾಲ್ಕರಿಂದ ಆರು ಇಂಚು ಕೆಳಗಿದ್ದರೆ ಸರಿ. ಮೊಣಕೈ ಮಟ್ಟಕ್ಕೋ ಅದಕ್ಕಿಂತ ಮೇಲೋ ಇದ್ದರೆ ಪ್ರತಿ ದೋಸೆಗೂ ಹೆಗಲು ಏರಲೇಬೇಕು. ಆಗ ನಿಮ್ಮ ಕಾಲ ಕೆಳಗೆ ಅಗಲವಾದ, ಅಲುಗಾಡದ ಮರದ ಹಲಗೆಯೊಂದು ಬರಬೇಕಾಗುತ್ತದೆ. ಅಳತೆ ಬರೆದು ಕಳಿಸಿ, ಹಲಗೆ ಎಷ್ಟು ಎತ್ತರ ಅಂತ ಹೇಳುತ್ತೇನೆ. ಗೋಡೆಯ ಗೆರೆಗಳ ಫೋಟೋ ಆರು ವಾರ ಬಿಟ್ಟು.